ಹಳೇ ಪಂಪ್ ಎಲ್ಲೈತ್ರಿ? (ಭಾಗ 3)

ಬನಶಂಕರಿ ಜಾತ್ರಿ ಗದ್ದಲದಾಗ ಬೈಕ್ ಬಂದ್ ಬಿದ್ರ ಏನಾಗ್ತೈತಿ ಅಂತ ನಿಮಗ ಹೇಳಬೇಕಾಗಿಲ್ಲ. ನಂದು ಚೊಳಚಗುಡ್ಡದ ಹತ್ರ ಎರಡು ಸಲ ನಿಂತ್ತು, ಇಂಜಿನ್ ಲೈಟ್ ಹತ್ತಿತ್ತು. ಶೋರೂಮಿನವರು ಸ್ಕ್ಯಾನರ್ ಹಚ್ಚಿ, ‘ಫ್ಯೂಯಲ್ ಪಂಪ್ ಹೋಗೇತಿ’ ಅಂದು ಹೊಸಾದು ಹಾಕಿದ್ರು. ಬಿಲ್ 4,800 ರೂಪಾಯಿ. ಅಪ್ಪ ಉಳ್ಳಾಗಡ್ಡಿ ಮಾರಿದ ದುಡ್ಡು ಅದು.

ಮೂರನೇ ದಿನ ಮತ್ತ ಅದೇ ಕಥಿ. ಊರಾಗಿನ ಗ್ಯಾರೇಜ್ ಕಾಕಾ ಸೀಟ್ ಬಿಚ್ಚಿ ನೋಡಿದ್ರ ಬ್ಯಾಟರಿ ಟರ್ಮಿನಲ್ ಸಡಿಲ! ಬಿಗಿ ಮಾಡಿದ, ಮುಗೀತು. ಹಳೇ ಪಂಪ್ ಕೊಡ್ರಿ ಅಂತ ಶೋರೂಮಿನಾಗ ಕೇಳಿದ್ರ, ‘ಒಗದೇವಿ’ ಅಂದ್ರು.

ನೆನಪಿಡ್ರಿ: ಸ್ಕ್ಯಾನರ್ ಕೋಡ್ ಎಲ್ಲಿ ಹುಡುಕಬೇಕು ಅಂತ ಹೇಳುತ್ತದೆ, ಯಾವ ಪಾರ್ಟ್ ಬದಲಿಸಬೇಕು ಅಂತಲ್ಲ. ಪಂಪ್ ಬದಲಿಸುವ ಮೊದಲು ವೋಲ್ಟೇಜ್, ಪ್ರೆಶರ್ ನೋಡಬೇಕು. ಅದಕ್ಕ ನೀವು ಕೇಳ್ರಿ:

👉 ಯಾವ ಕೋಡ್ ಬಂತು? ಏನೇನು ಚೆಕ್ ಮಾಡಿದ್ರಿ? ಜಾಬ್ ಕಾರ್ಡ್‌ನಾಗ ಬರೀರಿ.
👉 ಹಳೇ ಪಾರ್ಟ್ ನನಗ ಕೊಡ್ರಿ.

ಕೇಳಲಿಲ್ಲಂದ್ರ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗಲಿಲ್ಲಂದ್ರ ಬಾಗಲಕೋಟೆಯ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ರ ಶುಲ್ಕ ಇಲ್ಲ, ವಕೀಲರು ಬೇಕಂತಿಲ್ಲ, 2 ವರ್ಷದೊಳಗ ದೂರು ಕೊಡಬೇಕು.

ನಾ 1915ಕ್ಕ ಹಚ್ಚೇನಿ. ಮುಂದೇನಾತು, ಭಾಗ 4ರಾಗ.

#ಬನಶಂಕರಿ #ಬಾದಾಮಿ #ಬೈಕ್‌ಕಥಿ