ನನ್ನ ಹಿಂದೆ ಯಾರಿದ್ದಾರೆ ಎಂದೆಯಲ್ಲ

ಗಡಹಿಂಗ್ಲಜ

ಪ್ರೀತಿಯ ಮಗಳು ಗೌರಿಗೆ,

ಅವ್ವ ಪಡಸಾಲೆಯಲ್ಲಿ ಸಂಕೇಶ್ವರಿ ಮೆಣಸಿನಕಾಯಿ ಹರವಿಕೊಂಡು ತೊಟ್ಟು ಮುರಿಯುತ್ತಿದ್ದಾಳೆ. ಮನೆ ತುಂಬ ಘಾಟು. ಖಾರಪುಡಿ ನಿನಗೂ ಕಳಿಸುತ್ತಾಳಂತೆ.

ಮೊನ್ನೆ ಫೋನಿನಲ್ಲಿ ನೀನು ಅತ್ತದ್ದು ಮನಸ್ಸಿನಿಂದ ಹೋಗಿಲ್ಲ. ಅಳತೆಗೆ ಹೊಂದದ ಬಿಲ್ಲಿಗೆ ಸಹಿ ಹಾಕು ಅಂದರು, ನೀನು ಹಾಕಲಿಲ್ಲ, ಈಗ ಯಾರೂ ಮಾತಾಡಿಸುತ್ತಿಲ್ಲ. ನನ್ನ ಹಿಂದೆ ಯಾರಿದ್ದಾರೆ ಅಪ್ಪಾ ಎಂದೆ. ಅಂದಿನಿಂದ ಸಂತೋಷ್ ಹೆಗ್ಡೆಯವರು ನೆನಪಾಗುತ್ತಿದ್ದಾರೆ.

2010ರಲ್ಲಿ ಅವರು ಕರ್ನಾಟಕದ ಲೋಕಾಯುಕ್ತರು. ಅಂಕೋಲಾ ಹತ್ತಿರದ ಬೇಲೆಕೇರಿ ಬಂದರಿನಲ್ಲಿ ಜಪ್ತಿಯಾಗಿದ್ದ ಲಕ್ಷಗಟ್ಟಲೆ ಟನ್ ಅದಿರು ಅಲ್ಲಿಂದಲೇ ಮಾಯವಾಯಿತು. ಅದನ್ನು ಹಿಡಿದಿದ್ದ ಅರಣ್ಯಾಧಿಕಾರಿ ಆರ್. ಗೋಕುಲ್ ಅವರನ್ನೇ ಅಮಾನತು ಮಾಡಲು ಸರ್ಕಾರ ಹೊರಟಿತು. ಜೂನ್ 23ರಂದು ಹೆಗ್ಡೆ ರಾಜೀನಾಮೆ ಕೊಟ್ಟರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಮನುಷ್ಯ, ಜಿಲ್ಲೆಯ ಒಬ್ಬ ಅಧಿಕಾರಿಗಾಗಿ ಕುರ್ಚಿ ಬಿಡಲು ಎದ್ದು ನಿಂತರು.

ಮುಂದಿನ ತಿಂಗಳೇ ಅಡ್ವಾಣಿಯವರ ಮಾತಿಗೆ ಒಪ್ಪಿ ಅದನ್ನು ಹಿಂದಕ್ಕೆ ಪಡೆದರು. ಆಳುವ ಪಕ್ಷದ ಹಿರಿಯರ ಮಾತಿಗೆ ಲೋಕಾಯುಕ್ತರು ಬಗ್ಗಬಹುದೇ ಎಂದು ಜನ ಜರೆದರು. ಸಂಕೇಶ್ವರದ ಸಂತೆಯಲ್ಲಿ ನಾವೂ ಇದನ್ನೇ ಜಗಳಾಡಿದ್ದೆವು. ನನಗಂತೂ ಅವರು ಮರಳಿದ್ದೇ ಸರಿ. ಅದಕ್ಕೇ 2011ರ ಜುಲೈ 27ರಂದು ಅವರ ಕೈಯಿಂದ ಗಣಿ ವರದಿ ಬಂತು, ನಾಲ್ಕೇ ದಿನಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಆ ವರದಿಯ ಮೇಲೆ ಯಡಿಯೂರಪ್ಪನವರ ವಿರುದ್ಧ ದಾಖಲಾದ ಎಫ್‌ಐಆರನ್ನು 2012ರಲ್ಲಿ ಹೈಕೋರ್ಟು ರದ್ದು ಮಾಡಿತು, ಅದನ್ನೂ ಹೇಳಲೇಬೇಕು.

ಹಾಗಂತ ಲೋಕಾಯುಕ್ತರ ಕಚೇರಿಯನ್ನೇ ನೆಚ್ಚಿ ಕೂರು ಎನ್ನಲಾರೆ, ಮಗಳೇ. 2015ರಲ್ಲಿ ಲೋಕಾಯುಕ್ತ ಭಾಸ್ಕರರಾವ್ ಅವರ ಮಗನನ್ನೇ ಸುಲಿಗೆಯ ಆರೋಪದ ಮೇಲೆ ಬಂಧಿಸಿದರು, ಡಿಸೆಂಬರಿನಲ್ಲಿ ತಂದೆ ಹುದ್ದೆ ಬಿಟ್ಟರು. ಆ ದೂರನ್ನು ಕಾಗದದ ಮೇಲೆ ತಂದವರು ಅದೇ ಸಂಸ್ಥೆಯ ಎಸ್‌ಪಿ ಸೋನಿಯಾ ನಾರಂಗ್. ತಮ್ಮ ಸಾಹೇಬರ ಮನೆಯ ವಿಷಯ ಅಂತ ಗೊತ್ತಾದರೂ ಮುಚ್ಚಿಡಲಿಲ್ಲ. ಹೆಗ್ಡೆಯವರಿಗಿಂತ ಈ ಹೆಣ್ಣುಮಗಳೇ ನಿನಗೆ ಹತ್ತಿರ ಎನ್ನಿಸುತ್ತದೆ ನನಗೆ.

ನೀನೂ ಬಾಯಿಮಾತಿನಲ್ಲಿ ಒಲ್ಲೆ ಅಂದು ಸುಮ್ಮನಾಗಬೇಡ. ಅಳತೆ ಇಷ್ಟು, ಬಿಲ್ಲು ಇಷ್ಟು ಎಂದು ಫೈಲಿನಲ್ಲೇ ಬರೆ. ತಾರೀಖು ಹಾಕು, ಒಂದು ಪ್ರತಿ ಇಟ್ಟುಕೋ. ಎತ್ತಂಗಡಿ ಮಾಡಿದರೆ ಮಾಡಲಿ, ನಾನೇ ಬಂದು ಸಾಮಾನು ಕಟ್ಟುತ್ತೇನೆ. ರಾತ್ರಿ ಒಬ್ಬಳೇ ಕೂತು ಅಳಬೇಡ, ಎಷ್ಟು ಹೊತ್ತಾದರೂ ಫೋನು ಮಾಡು.

ನಿನ್ನ
ಅಪ್ಪ