ಬೀದರಿನ ಆಕಾಶ, ಔರಾದಿನ ಇರುಳು

ಬೀದರ್ ಕೋಟೆಯ ಕೆಂಪು ಗೋಡೆಗಳ ಮೇಲಿನ ಆಕಾಶ ಸುಮ್ಮನಿರುವುದು ಅಪರೂಪ. ವಾಯುಪಡೆಯ ತರಬೇತಿ ಕೇಂದ್ರ ಊರಿನ ಮಗ್ಗುಲಲ್ಲೇ ಇದೆ. ಸೂರ್ಯಕಿರಣ್ ವಿಮಾನಗಳ ನೆಲೆಯೂ ಇದೇ. ಚೌಬಾರದ ಸುತ್ತ ಓಡಾಡುವ ಜನ ವಿಮಾನದ ಸದ್ದಿಗೆ ತಲೆಯೆತ್ತುವುದೂ ಕಡಿಮೆ.

ಆದರೂ 2025ರ ಜನವರಿಯಲ್ಲಿ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಮನೆಯೊಂದರ ಮೇಲೆ ಭಾರಿ ಬಲೂನು ಬಂದು ಬಿದ್ದಾಗ ಜನ ಗಾಬರಿಗೊಂಡರು. ಅದು ಹೈದರಾಬಾದಿನಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹಾರಿಬಿಟ್ಟದ್ದು. ತೆಳು ಪಾಲಿಥಿನ್ನಿನ ಇಂಥ ಬಲೂನುಗಳು ಜಲಜನಕ ತುಂಬಿಕೊಂಡು 30-40 ಕಿಲೋಮೀಟರ್ ಎತ್ತರಕ್ಕೇರಿ, ಗಾಳಿ ಒಯ್ದತ್ತ ಸಾಗುತ್ತವೆ. ಯಾರದೆಂದು ತಿಳಿದೊಡನೆ ಹೆದರಿಕೆ ಇಳಿಯಿತು.

ಎಲ್ಲ ಅತಿಥಿಗಳೂ ಹೀಗೆ ಗುರುತು ಬಿಟ್ಟುಕೊಡುವುದಿಲ್ಲ. ಬೀದರಿನಿಂದ ತೊಗರಿ ಹೊಲಗಳ ನಡುವೆ ಸಾಗಿ ಭಾಲ್ಕಿ ಸೇರಿದರೆ, ಅದು ಓದುವ ಮಕ್ಕಳ ಊರು. ಪರೀಕ್ಷೆ ಹತ್ತಿರವಾದಂತೆ ನಿದ್ದೆ ಕೆಡುತ್ತದೆ. ಅಂಥ ದಿನಗಳಲ್ಲಿ, ಬೆಳಗಿನ ಜಾವ ಕಣ್ಣು ತೆರೆದಿರುತ್ತದೆ, ಕೈಕಾಲು ಆಡುವುದಿಲ್ಲ, ಎದೆಯ ಮೇಲೆ ಭಾರ, ಮೂಲೆಯಲ್ಲಿ ಯಾರೋ ನಿಂತಂತೆ. ಕೂಗಿದರೆ ದನಿ ಹೊರಡದು. ಇದೇ ಸ್ಲೀಪ್ ಪ್ಯಾರಾಲಿಸಿಸ್. ಕನಸು ಬೀಳುವ ನಿದ್ದೆಯಲ್ಲಿ ಮಿದುಳು ಸ್ನಾಯುಗಳನ್ನು ಕಟ್ಟಿಹಾಕುತ್ತದೆ; ಇಲ್ಲವಾದರೆ ಕನಸಿನಲ್ಲಿ ಓಡುವವನು ಮಂಚದಿಂದಲೇ ಓಡಿಯಾನು! ಎಚ್ಚರ ಬಂದರೂ ಆ ಕಟ್ಟು ಬಿಚ್ಚದಿದ್ದರೆ, ಉಳಿದ ಕನಸು ಕೋಣೆಯೊಳಗೇ ಬಂದು ನಿಲ್ಲುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2011ರ ವಿಮರ್ಶೆಯೊಂದರ ಪ್ರಕಾರ, ಒಮ್ಮೆಯಾದರೂ ಇದನ್ನು ಕಂಡವರು ಸಾಮಾನ್ಯ ಜನರಲ್ಲಿ ನೂರಕ್ಕೆ ಸುಮಾರು 8, ವಿದ್ಯಾರ್ಥಿಗಳಲ್ಲಿ 28.

ನಮ್ಮ ಕಡೆ ಇದು ದೆವ್ವವಾಗುತ್ತದೆ. ಅಮೆರಿಕದಲ್ಲಿ ಅನ್ಯಗ್ರಹದವರಾಗುತ್ತದೆ. ಅಲ್ಲಿ ಇಂಥ ಅಪಹರಣದ ಕಥೆಗಳಿಗೆ ಪ್ರಸಿದ್ಧಿ ತಂದವರು ಹಿಲ್ ದಂಪತಿಗಳು. 1961ರ ಸೆಪ್ಟೆಂಬರಿನ ಒಂದು ರಾತ್ರಿ ಕಾರಿನಲ್ಲಿ ಬರುವಾಗ ಅವರು ಆಕಾಶದಲ್ಲಿ ಬೆಳಕೊಂದನ್ನು ಕಂಡರು. ಬಳಿಕ ಬೆಟ್ಟಿ ಹಿಲ್‌ಗೆ ಕೆಟ್ಟ ಕನಸುಗಳು ಬಿದ್ದವು. 1964ರಲ್ಲಿ ಸಮ್ಮೋಹನ ಚಿಕಿತ್ಸೆಯಲ್ಲಿ ಇಬ್ಬರೂ ತಮ್ಮನ್ನು ನೌಕೆಯೊಳಗೆ ಒಯ್ದ ಕಥೆ ಹೇಳಿದರು. ಮೂಲ ಆ ಕನಸುಗಳೇ ಎಂದರು ಚಿಕಿತ್ಸೆ ನೀಡಿದ ವೈದ್ಯ ಬೆಂಜಮಿನ್ ಸೈಮನ್. ಆದರೆ ಬೆಟ್ಟಿ 2004ರಲ್ಲಿ ತೀರಿಕೊಳ್ಳುವವರೆಗೂ ತನ್ನ ನಂಬಿಕೆ ಬಿಡಲಿಲ್ಲ.

ಅದೇ 2004ರಲ್ಲಿ ಹಾರ್ವರ್ಡಿನ ರಿಚರ್ಡ್ ಮ್ಯಾಕ್‌ನಲಿ ಮತ್ತು ಸಂಗಡಿಗರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅಪಹರಣವಾಯಿತೆನ್ನುವ ಹತ್ತು ಮಂದಿಗೆ ಅವರದೇ ಕಥೆ ಕೇಳಿಸಿದಾಗ, ಅವರ ಎದೆಬಡಿತ ಮತ್ತು ಬೆವರು ಯುದ್ಧದಂಥ ಆಘಾತ ಕಂಡವರಲ್ಲಿ ಆಗುವಂತೆಯೇ ಏರಿದವು. ಬಂದವರು ಸುಳ್ಳಿರಬಹುದು, ಹೆದರಿಕೆ ಸುಳ್ಳಲ್ಲ. ವರ್ಷಗಳ ಮೇಲೂ ಅದು ಮೈಯಲ್ಲಿ ಉಳಿದಿರುತ್ತದೆ. ‘ಏನೂ ಇಲ್ಲ, ಸುಮ್ಮನಿರು’ ಎಂದು ಗದರುವ ತಂದೆ, ತಾಯಿತಕ್ಕೆ ಓಡುವ ತಾಯಿ, ಇಬ್ಬರೂ ಇಲ್ಲಿ ಎಡವುತ್ತಾರೆ.

ರಾಜ್ಯದ ಉತ್ತರ ತುದಿಯ ಔರಾದಿನಲ್ಲಿ, ಅಮರೇಶ್ವರನ ಗುಡಿಯ ಊರು ದಾಟಿ ಹೊಲದ ದಾರಿ ಹಿಡಿದರೆ ಕತ್ತಲೆ ದಟ್ಟ, ಚುಕ್ಕಿಗಳು ಹೆಚ್ಚು. ಬೇಸಗೆಯಲ್ಲಿ ಮಾಳಿಗೆಯ ಮೇಲೆ ಮಲಗಿ ಬೆಚ್ಚಿದ ಮೊಮ್ಮಗನಿಗೆ ಅಜ್ಜಿ, ‘ಅಂಗಾತ ಮಲಗಬ್ಯಾಡ, ಮಗ್ಗಲಿಗೆ ಹೊಳ್ಳಿ ಮಕ್ಕೋ’ ಎಂದರೆ ನಗುವಂತಿಲ್ಲ. ಅಂಗಾತ ಮಲಗಿದಾಗಲೇ ಇದು ಹೆಚ್ಚು ಎಂಬುದನ್ನು ನಿದ್ದೆಯ ತಜ್ಞರೂ ಒಪ್ಪುತ್ತಾರೆ.