ಗೆರೆ ದಾಟಿದ ಹಕ್ಕಿ

ಶರಣಬಸವೇಶ್ವರರ ಜಾತ್ರೆಯ ತೇರು ಎಳೆಯುವ ಹೊತ್ತಿಗೆ ಕಲಬುರಗಿಯ ಬಿಸಿಲು ಚುರುಕಾಗಿರುತ್ತದೆ. ಬಿಳಿಜೋಳದ ರಾಶಿ ಮುಗಿದು, ಕಡಲೆ ಮನೆ ಸೇರಿ, ಎರೆಹೊಲಗಳು ಬಿರುಕು ಬಿಟ್ಟಿರುತ್ತವೆ. ಚಳಿಗಾಲ ಕಳೆಯಲೆಂದು ಈ ಹೊಲಗಳಿಗೆ ಬಂದಿದ್ದ ಬೇಟೆಹಕ್ಕಿಗಳು ಊರಿಗೆ ಮರಳುವುದೂ ಆಗಲೇ. ಕಮಲಾಪುರ ದಾಟಿ ಹುಮನಾಬಾದಿನ ಕಡೆ ಹೋಗುವ ದಾರಿಯಲ್ಲಿ ಒಂದು ದಿನ್ನೆ ಇದೆ. ಕೆಳಗೆ ಕೆಮ್ಮಣ್ಣಿನಲ್ಲಿ ಹೆಸರುವಾಸಿಯಾದ ಕೆಂಪು ಬಾಳೆಯ ತೋಟಗಳು, ಅದರಾಚೆ ಕಣ್ಣು ಹಾಯುವವರೆಗೂ ಕರಿನೆಲ. ಅಲ್ಲಿ ಕೂತು ಹೊರಟ ಹಕ್ಕಿಗಳನ್ನು ಎಣಿಸುವುದು ನನಗೆ ಬಲು ಪ್ರೀತಿಯ ಕೆಲಸ.

ಎಣಿಕೆಯ ಮೊದಲ ಪಾಠವನ್ನು ಮಾತ್ರ ಕಲಿತದ್ದು ಮೋಮಿನಪುರದ ಮಾಳಿಗೆಯ ಮೇಲೆ. ಗಲ್ಲಿಗಳ ಮೇಲೆ ಬೆಳಗಿನಿಂದಲೂ ಹದ್ದುಗಳು ಸುತ್ತುತ್ತವೆ. ತಲೆಯೆತ್ತಿ ಒಂದು, ಎರಡು, ಮೂರು ಎನ್ನುವಷ್ಟರಲ್ಲಿ ಮೊದಲನೆಯದೇ ತಿರುಗಿ ಬಂದು ನಾಲ್ಕನೆಯದಾಗಿ ನಿಂತಿರುತ್ತದೆ. ಸುತ್ತುವ ಹಕ್ಕಿಯನ್ನು ಎಣಿಸಲಾಗದು, ದಾಟುವ ಹಕ್ಕಿಯನ್ನಷ್ಟೇ ಎಣಿಸಬಹುದು. ಅದಕ್ಕೇ ದಿನ್ನೆಯ ಮೇಲೆ ಕೂತ ಕೂಡಲೇ ಒಂದು ಗೆರೆ ಮನಸ್ಸಿನಲ್ಲಿ ಎಳೆದುಕೊಳ್ಳಬೇಕು: ಈ ತುದಿಯ ಹುಣಸೆಮರದಿಂದ ಆ ತುದಿಯ ಮೊಬೈಲ್ ಟವರಿನವರೆಗೆ. ಆ ಗೆರೆಯನ್ನು ದಾಟಿ ಉತ್ತರಕ್ಕೆ ಹೋದದ್ದು ಪುಸ್ತಕಕ್ಕೆ. ಹಿಂದಿರುಗಿದರೆ ಒಂದು ಕಳೆಯಬೇಕು. ತಂತಿಯ ಮೇಲೆ ಕೂತ ಕಪ್ಪು ಹೆಗಲಿನ ಹದ್ದು, ಬೇಲಿಯಿಂದ ಬೇಲಿಗೆ ಹಾರುವ ಬಿಜ್ಜು ಇಲ್ಲಿಯವೇ, ಅವು ಲೆಕ್ಕಕ್ಕಿಲ್ಲ.

ಬೆಳಗಿನ ತಂಪಿನಲ್ಲಿ ಆಕಾಶ ಬರಿದು. ಕರಿನೆಲ ಬೇಗ ಕಾಯುತ್ತದೆ. ಒಂಬತ್ತರ ಸುಮಾರಿಗೆ ಬಿಸಿಗಾಳಿ ಮೇಲೇಳಲು ಶುರುವಾಗುತ್ತದೆ. ದೊಡ್ಡ ರೆಕ್ಕೆಯ ಹಕ್ಕಿಗಳು ಅದನ್ನು ಹಿಡಿದು ಸುತ್ತುತ್ತ ಏರಿ, ಎತ್ತರದಿಂದ ಮುಂದಿನ ಬಿಸಿಗಾಳಿಯವರೆಗೆ ರೆಕ್ಕೆ ಬಡಿಯದೆ ಜಾರುತ್ತವೆ. ಗಾಳಿ ದಿನ್ನೆಗೆ ಅಡ್ಡ ಬೀಸಿದರೆ ಇಳಿಜಾರಿಗೆ ಬಡಿದು ಮೇಲಕ್ಕೆ ತಿರುಗುತ್ತದೆ, ಅದೂ ಅವಕ್ಕೆ ಏಣಿ. ನೋಡುವವನಿಗೆ ಕಷ್ಟ ಕೊಡುವುದು ಶುಭ್ರ ನೀಲಿ ಆಕಾಶ. ಅಲ್ಲಿ ದೃಷ್ಟಿ ನಿಲ್ಲಿಸಲು ಏನೂ ಇಲ್ಲ, ಹಕ್ಕಿ ತಲೆಯ ಮೇಲೇ ಹೋದರೂ ಗೊತ್ತಾಗದು. ಒಂದಿಷ್ಟು ಬಿಳಿಮೋಡ ಇದ್ದರೆ ಚುಕ್ಕೆ ಎದ್ದು ಕಾಣುತ್ತದೆ. ಆದ್ದರಿಂದ ಹಕ್ಕಿಯ ಸಂಖ್ಯೆಯ ಪಕ್ಕದಲ್ಲಿ ಮೋಡ, ಗಾಳಿಯ ದಿಕ್ಕು, ಗಂಟೆ ಬರೆಯಲೇಬೇಕು. ಅವಿಲ್ಲದ ಸಂಖ್ಯೆಗೆ ಅರ್ಥ ಕಡಿಮೆ.

ಈ ಕೆಲಸದ ಹೆಸರಾಂತ ತಾಣಗಳು ಬೇರೆಡೆ ಇವೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಗಿಡುಗಗಳನ್ನು ಸಾಲಾಗಿ ಗುಂಡಿಟ್ಟು ಕೊಲ್ಲುತ್ತಿದ್ದ ಬೆಟ್ಟವೊಂದನ್ನು 1934ರಲ್ಲಿ ರೋಸಲಿ ಎಡ್ಜ್ ಎಂಬ ಮಹಿಳೆ ತಮ್ಮ ಹಿಡಿತಕ್ಕೆ ತೆಗೆದುಕೊಂಡು ಬಂದೂಕು ನಿಲ್ಲಿಸಿದರು. ಅದೇ ಇಂದಿನ ಹಾಕ್ ಮೌಂಟನ್. ಇಸ್ರೇಲಿನ ಏಲಾತ್‌ನಲ್ಲಿ ವಸಂತದ ಎಣಿಕೆ, ಜಾರ್ಜಿಯಾದ ಬಟುಮಿಯಲ್ಲಿ ಶರತ್ಕಾಲದ್ದು. ಬಟುಮಿಯಲ್ಲಿ ಒಂದೇ ಋತುವಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಬೇಟೆಹಕ್ಕಿಗಳು ಹಾಯುತ್ತವೆ. ಸಮುದ್ರದ ಮೇಲೆ ಬಿಸಿಗಾಳಿ ಏಳುವುದಿಲ್ಲ, ಎತ್ತರದ ಪರ್ವತ ಅಡ್ಡ ಬರುತ್ತದೆ. ನಡುವಿನ ಇಕ್ಕಟ್ಟಿನಲ್ಲೇ ಎಲ್ಲವೂ ನುಗ್ಗಬೇಕು. ನಮ್ಮ ದಖ್ಖನ್ನಿನಲ್ಲಿ ಅಂಥ ಇಕ್ಕಟ್ಟಿಲ್ಲ. ದಾರಿ ಬೀದರಿನಿಂದ ವಿಜಯಪುರದವರೆಗೂ ಅಗಲ. ಕಮಲಾಪುರದ ದಿನ್ನೆಗೆ ಹಕ್ಕಿ ಒಂಟಿಯಾಗಿ ಬರುತ್ತದೆ, ಒಮ್ಮೊಮ್ಮೆ ಬೆಳಗಿಡೀ ಬರುವುದೇ ಇಲ್ಲ. ಬಟುಮಿಯ ಲೆಕ್ಕವನ್ನು ಮುಂದಿಟ್ಟುಕೊಂಡು ಇಲ್ಲಿ ಕೂತವರು ನಿರಾಶರಾಗುವುದು ಖಂಡಿತ.

ನಮ್ಮ ಸೀಮೆಗೆ ತಕ್ಕ ಎಣಿಕೆ ಬೇರೆಯದು, ಅದು ಸಂಜೆಯದು. ಇಲ್ಲಿಯ ಚಳಿಗಾಲದ ಮುಖ್ಯ ಅತಿಥಿ ಹ್ಯಾರಿಯರ್, ಕನ್ನಡ ಪುಸ್ತಕಗಳ ಸೆಳೆವ. ಕಜಾಕಸ್ತಾನ, ರಷ್ಯಾ ಕಡೆಯ ಹುಲ್ಲುಬಯಲುಗಳಲ್ಲಿ ಮರಿ ಮಾಡಿ ನಮ್ಮ ಹೊಲಗಳಿಗೆ ಬರುತ್ತದೆ. ಹಗಲೆಲ್ಲ ಬೆಳೆಯ ಮೇಲೆ ಆಳೆತ್ತರದಲ್ಲಿ ರೆಕ್ಕೆ ಸ್ವಲ್ಪ ಮೇಲಕ್ಕೆತ್ತಿ ತೇಲುತ್ತದೆ. ರಾತ್ರಿಗೆ ಮರವನ್ನು ಹುಡುಕುವುದಿಲ್ಲ. ಎತ್ತರದ ಹುಲ್ಲಿರುವ ಬಯಲಿನಲ್ಲಿ, ನೆಲದ ಮೇಲೇ, ಹತ್ತಾರು ಜೊತೆಗೂಡಿ ಮಲಗುತ್ತವೆ. ಹೊತ್ತು ಮುಳುಗುವಾಗ ಎಲ್ಲ ದಿಕ್ಕಿನಿಂದಲೂ ತಗ್ಗಿನಲ್ಲಿ ಬಂದು, ಒಂದೆರಡು ಸುತ್ತು ಹಾಕಿ, ಹುಲ್ಲಿನೊಳಗೆ ಇಳಿದು ಮಾಯವಾಗುತ್ತವೆ. ಆ ಅರ್ಧ ಗಂಟೆಯಲ್ಲಿ ಕಣ್ಣು ಮಿಟುಕಿಸಲು ಪುರಸೊತ್ತಿಲ್ಲ. ಗಂಡು ಬಿಳಿ ಸೆಳೆವದ ಗುರುತು ರೆಕ್ಕೆಯ ತುದಿಯ ಕಪ್ಪು ಬೆಣೆ. ಗಂಡು ಮಾಂಟೆಗು ಸೆಳೆವಕ್ಕೆ ರೆಕ್ಕೆಯ ಮೇಲೊಂದು ಕರಿಗೆರೆ. ಹೆಣ್ಣುಗಳು ಎರಡೂ ಕಂದು, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಮಬ್ಬು ಬೆಳಕಿನಲ್ಲಿ ಬೇರ್ಪಡಿಸುವುದು ಯಾರಿಗೂ ಆಗದು. ಅವಕ್ಕೆಂದೇ ಪುಸ್ತಕದಲ್ಲಿ ‘ಗುರುತಾಗದವು’ ಎಂಬ ಅಂಕಣ. ಆ ಅಂಕಣವನ್ನು ಊಹೆಯಿಂದ ಖಾಲಿ ಮಾಡದವರೇ ಒಳ್ಳೆಯ ಎಣಿಕೆಗಾರರು ಎಂದು ನಾನು ನಂಬಿದ್ದೇನೆ.

ಬೆಳಿಗ್ಗೆ ಹಕ್ಕಿಗಳೆಲ್ಲ ಎದ್ದುಹೋದ ಮೇಲೆ ಆ ಹುಲ್ಲಿನಲ್ಲಿ ನಡೆದರೆ ಮಲಗಿದ ಜಾಗಗಳು ತುಳಿದು ಚಪ್ಪಟೆಯಾಗಿ ಕಾಣುತ್ತವೆ. ಪಕ್ಕದಲ್ಲಿ ಹೆಬ್ಬೆರಳ ಗೆಣ್ಣಿನಷ್ಟುದ್ದದ ಬೂದು ಉಂಡೆ. ಅರಗದೆ ಉಳಿದದ್ದನ್ನು ಹಕ್ಕಿ ಬಾಯಿಂದ ಉಗುಳಿದ್ದು ಅದು, ನಾತವೇನೂ ಇಲ್ಲ. ಕಾಗದದ ಮೇಲಿಟ್ಟು ಕಡ್ಡಿಯಿಂದ ಬಿಡಿಸಿದರೆ ಗರಗಸದಂತೆ ಮುಳ್ಳಿರುವ ಮಿಡತೆಯ ಹಿಂಗಾಲು, ಹೊಳೆಯುವ ದವಡೆ, ನಡುವೆ ಇಲಿಯ ಕೂದಲು. ಬೆಳೆ ತಿನ್ನುವುದನ್ನು ತಿಂದು ಬದುಕುವ ಹಕ್ಕಿ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಎಣಿಸಿಟ್ಟ ಹಳೆಯ ಸಂಜೆಗಳ ಬೆಲೆ 2018ರಲ್ಲಿ ಗೊತ್ತಾಯಿತು. ಬೆಂಗಳೂರಿನ ಅಟ್ರೀ ಸಂಸ್ಥೆಯ ಟಿ. ಗಣೇಶ್ ಮತ್ತು ಪ್ರಶಾಂತ್ ದೇಶದ ಬೇರೆ ಬೇರೆ ತಂಗುದಾಣಗಳ ಲೆಕ್ಕವನ್ನು ಮೊದಲ ಸಲ ಒಟ್ಟುಗೂಡಿಸಿ ನೋಡಿದಾಗ, ಮೂವತ್ತು ವರ್ಷಗಳಲ್ಲಿ ಸೆಳೆವಗಳು ಕಡಿಮೆಯಾಗುತ್ತ ಬಂದಿರುವ ಸೂಚನೆ ಸಿಕ್ಕಿತು. ಯಾರೋ ಒಬ್ಬರು ಎಂದೋ ಒಂದು ಸಂಜೆ ಕೂತು ಬರೆದಿಟ್ಟಿರದಿದ್ದರೆ ಈ ಇಳಿಕೆ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1931ರಲ್ಲಿ, ಸಲೀಂ ಅಲಿ ಆ ಸಂಸ್ಥಾನದ ಪಕ್ಷಿ ಸಮೀಕ್ಷೆಗೆ ಹೊರಟರು. ಅಂಥ ಹಳೆಯ ದಾಖಲೆಯ ಪಕ್ಕದಲ್ಲಿ ಇಡಲು ಈಗಿನ ನಮ್ಮದೂ ಒಂದು ಇರಬೇಕು.

ನನ್ನನ್ನು ಬಹಳ ನೋಯಿಸುವ ಸಂಗತಿ ಹುಲ್ಲಿನದು. ಸರ್ಕಾರದ ನಕ್ಷೆಗಳಲ್ಲಿ ಹುಲ್ಲುಗಾವಲು ಎಷ್ಟೋ ಕಡೆ ಪಾಳುಭೂಮಿಯ ಲೆಕ್ಕಕ್ಕೆ ಹೋಗಿದೆ. ಪಾಳು ಎಂದ ಮೇಲೆ ಅಲ್ಲಿ ಸಸಿ ನೆಡಬಹುದು, ಸೋಲಾರ್ ಹಲಗೆ ಹಾಸಬಹುದು, ನಿವೇಶನ ಮಾಡಬಹುದು. ಮರ ನೆಡುವುದೂ ಎಲ್ಲ ಕಡೆಯೂ ಪುಣ್ಯದ ಕೆಲಸವಲ್ಲ. ನೆಲದ ಮೇಲೆ ಮಲಗುವ ಹಕ್ಕಿಗೆ ಸುತ್ತಲೂ ತೆರೆದ ಬಯಲು ಬೇಕು.

ವಸಂತದ ಸಂಜೆಯ ಎಣಿಕೆಯಲ್ಲಿ ದಿನದಿನಕ್ಕೆ ಸಂಖ್ಯೆ ಇಳಿಯುತ್ತದೆ. ಬಲಿತ ಗಂಡುಗಳು ಮೊದಲು ಖಾಲಿಯಾಗುತ್ತವೆ, ಕಂದುಬಣ್ಣದವು ಏಪ್ರಿಲ್ ತನಕ ಉಳಿಯುತ್ತವೆ. ಕೊನೆಗೆ ಸೊನ್ನೆ. ಆ ಸೊನ್ನೆಯನ್ನೂ ತಾರೀಖು ಹಾಕಿ ಬರೆಯಬೇಕು. ಅದಿಲ್ಲದೆ ಹಕ್ಕಿ ಯಾವಾಗ ಹೋಯಿತೆಂದು ಹೇಳುವುದು ಹೇಗೆ?

ಹುಲ್ಲಿನ ಪಕ್ಕದ ಹೊಲದ ಹಿರಿಯರೊಬ್ಬರು ಒಂದು ಸಂಜೆ ಬಳಿಗೆ ಬಂದು ಕೂತರು.

“ಏನ್ ಎಣಸ್ಲತ್ತೀರಿ ಸರ?”

“ಊರಿಗಿ ಹೊಂಟ ಹಕ್ಕಿ, ಕಾಕಾ.”

“ಅವಾ? ಕಡ್ಲಿ ಹೊಲದಾಗ ನೆಲಕ್ಕ ಹತ್ತಿ ಹಾರ್ತಾವಲ್ಲ? ಬೆಳಿಯೆಲ್ಲ ಬಗ್ಗಿ ಬಗ್ಗಿ ನೋಡ್ತಾವ, ಕಾಳಿಗಿ ಮಾತ್ರ ಬಾಯಿ ಹಾಕಂಗಿಲ್ಲ.”

ಈ ಹುಲ್ಲಿಗೆ ಬೆಂಕಿ ಹಚ್ಚುವುದು ಯಾವಾಗ ಎಂದು ಕೇಳಿದೆ. ಹೋಳಿ ಮುಗಿದ ಮೇಲೆ ಎಂದರು. ಇನ್ನೂ ಹಕ್ಕಿಗಳು ಒಳಗೆ ಮಲಗುತ್ತಿವೆ, ಬಸವ ಜಯಂತಿ ತನಕ ತಡೆಯಬಹುದೇ ಎಂದೆ. ಅವರು ಹುಲ್ಲಿನ ಕಡೆ ನೋಡಿ, ಬೆರಳು ಮಡಚಿ ದಿನ ಲೆಕ್ಕ ಹಾಕಿದರು.

“ತಡೀತೀನಿ ತಗೋರಿ. ಆದ್ರ ಆಚಿ ಬದಿ ಅರ್ಧ ಹುಲ್ಲು ನಂದಲ್ಲ. ಅವರಿಗಿ ನೀವೇ ಬಂದು ಹೇಳಬೇಕು, ನಡೀರಿ.”